ಸಸ್ಯವೈದ್ಯ ಸರ್ ಎಡ್ವಿನ್ ಜಾನ್ ಬಟ್ಲರ್

ಒಕ್ಕಲುತನವನ್ನೇ ನೆಚ್ಚಿ ಬಾಳುವ ನಾಡಿನಲ್ಲಿ ಬೆಳೆಗೆ ಬಂದ ಬೇನೆಯು ಮನೆಗೆ ಬಂದ ಬೇನೆಯೇ ಸರಿ. ಎಲೆಗೋ ಕಾಯಿಗೋ ತಗಲಿದ ರೋಗವಾದರೆ ಕಣ್ಣಿಗೆ ಕಾಣುತ್ತದೆ. ರೈತನು ಅದನ್ನು ಕೈಯಲ್ಲಿ ಹಿಡಿದು ನಾಲ್ವರಿಗೆ ತೋರಿಸಬಲ್ಲನು. ಬೇರಿಗೆ ತಗಲಿದ ರೋಗದ ಪರಿ ಬೇರೆ. ಅದು ಮಣ್ಣಿನ ಮರೆಯಲ್ಲಿ ನಡೆಯುವ ವ್ಯವಹಾರ. ಮೇಲೆ ಎಲೆ ಬಾಡಿ ಲಕ್ಷಣವು ತೋರುವ ಹೊತ್ತಿಗೆ ಕೆಳಗೆ ಕಾರ್ಯವು ಮುಗಿದುಹೋಗಿರುತ್ತದೆ. ಭಾರತದ ಹೊಲಗಳಲ್ಲಿ ಇಂತಹ ಮರೆಯ ರೋಗಗಳ ಮೂಲವನ್ನು ಶಾಸ್ತ್ರೀಯ ಪರೀಕ್ಷೆಯಿಂದ ಶೋಧಿಸಿದವರಲ್ಲಿ ಅಗ್ರಗಣ್ಯರು ಸರ್ ಎಡ್ವಿನ್ ಜಾನ್ ಬಟ್ಲರರು. ಭಾರತೀಯ ಸಸ್ಯರೋಗಶಾಸ್ತ್ರದ ಜನಕರೆಂದು ಕೃಷಿವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಕೃಷಿ ಮಹಾವಿದ್ಯಾಲಯಗಳಲ್ಲಿ ಓದಿದವರಿಗೆ ಈ ಹೆಸರು ಸುಪರಿಚಿತ. ದಿನವೂ ತೊಗರಿಬೇಳೆಯ ಸಾರುಣ್ಣುವ ಉಳಿದವರಿಗೂ ಅದು ಅಪರಿಚಿತವಾಗಿ ಉಳಿಯಬಾರದೆಂಬ ಅಭಿಲಾಷೆಯಿಂದ ಅವರ ಜೀವನವೃತ್ತಾಂತವನ್ನು ಇಲ್ಲಿ ಸಂಗ್ರಹಿಸಿದೆ.

ಬಟ್ಲರರು ಹುಟ್ಟಿದ್ದು ೧೮೭೪ನೆಯ ಆಗಸ್ಟ್ ೧೩ರಂದು, ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ಕ್ಲೇರ್ ಪ್ರಾಂತದ ಕಿಲ್ಕೀ ಎಂಬ ಊರಿನಲ್ಲಿ. ಆ ನೆಲಕ್ಕೆ ಸಸ್ಯರೋಗವೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಜನನಕ್ಕೆ ಮೂರು ದಶಕಗಳಷ್ಟು ಹಿಂದೆ, ೧೮೪೫ರಿಂದ ಮೊದಲುಗೊಂಡು ಕೆಲವು ವರ್ಷ, ಆಲೂಗಡ್ಡೆಯ ಅಂಗಮಾರಿ ರೋಗವು ಬೆಳೆಯನ್ನು ಕೊಳೆಸಿ ಐರ್ಲೆಂಡನ್ನು ಕ್ಷಾಮಕ್ಕೆ ನೂಕಿತ್ತು. ಸುಮಾರು ಹತ್ತು ಲಕ್ಷ ಜನರು ಮಡಿದರು. ಅದಕ್ಕೂ ಮಿಕ್ಕ ಜನರು ಊರು ತೊರೆದು ಕಡಲು ದಾಟಿದರು. ಬಾಲಕ ಬಟ್ಲರನು ಬೆಳೆದದ್ದು ಆ ಕಥೆಗಳು ಇನ್ನೂ ಹಸಿಯಾಗಿದ್ದ ಕಾಲದಲ್ಲಿ.

ಎಳೆವೆಯಲ್ಲಿ ಅನಾರೋಗ್ಯವು ಅವರನ್ನು ಕಾಡಿತು. ದೇಹವು ಸುಧಾರಿಸಿದ ಮೇಲೆ ೧೮೯೨ರಲ್ಲಿ ಕಾರ್ಕ್ ನಗರದ ಕ್ವೀನ್ಸ್ ಕಾಲೇಜನ್ನು ಸೇರಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ ೧೮೯೮ರಲ್ಲಿ ಪದವೀಧರರಾದರು. ಮನುಷ್ಯರ ನಾಡಿ ಹಿಡಿಯಲೆಂದು ಕಲಿತವರು ಸಸ್ಯಗಳ ಕಡೆಗೆ ತಿರುಗಿದ್ದು ಗುರುವಿನ ಪ್ರಭಾವದಿಂದ. ಅಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮಾರ್ಕಸ್ ಹಾರ್ಟಾಗರು ನೀರಿನಲ್ಲಿ ಬೆಳೆಯುವ ಬೂಷ್ಟುಗಳನ್ನು ಅಭ್ಯಸಿಸುತ್ತಿದ್ದರು. ಶಿಷ್ಯನ ಮನಸ್ಸು ಆ ಸೂಕ್ಷ್ಮ ಜೀವಿಗಳಲ್ಲಿ ನೆಟ್ಟಿತು. ಮುಂದೆ ಪ್ಯಾರಿಸಿಗೆ ತೆರಳಿ ವಾನ್ ಟೀಗೆಮರ ಪ್ರಯೋಗಾಲಯದಲ್ಲಿಯೂ, ಅಲ್ಲಿಂದಾಚೆಗೆ ಆಂಟೀಬ್, ಫ್ರೈಬುರ್ಗ್, ಕ್ಯೂ ಎಂಬೆಡೆಗಳಲ್ಲಿಯೂ ಅಭ್ಯಾಸವನ್ನು ಮುಂದುವರಿಸಿದರು. ಪಿಥಿಯಮ್ ಎಂಬ ಶಿಲೀಂಧ್ರಕುಲವು ಅವರ ವಿಶೇಷ ಅಧ್ಯಯನದ ವಸ್ತುವಾಯಿತು. ಒಟ್ಟಲುಪಾತಿಯಲ್ಲಿ ತಂಬಾಕು, ಮೆಣಸಿನಕಾಯಿಗಳ ಎಳೆಯ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗುವುದನ್ನು ನಮ್ಮವರೆಲ್ಲ ಕಂಡಿದ್ದಾರಷ್ಟೆ. ಆ ಕೇಡನ್ನು ಎಸಗುವವುಗಳಲ್ಲಿ ಮುಖ್ಯವಾದುದು ಇದೇ ಕುಲ. ಇದನ್ನು ಕುರಿತು ಬಟ್ಲರರು ರಚಿಸಿದ ಪ್ರೌಢ ಪ್ರಬಂಧವು ೧೯೦೭ರಲ್ಲಿ ಪ್ರಕಟವಾಯಿತು. ಸೂರತ್ತಿನ ಕಡೆಯ ಶುಂಠಿಯ ಗಡ್ಡೆ ಕೊಳೆಯುವ ರೋಗಕ್ಕೂ ಇದೇ ಕುಲದ ಶಿಲೀಂಧ್ರವೇ ಕಾರಣವೆಂದು ತಿಳಿಸಿದವರು ಅವರು. ಶುಂಠಿ ಬೆಳೆಯುವ ಮಲೆನಾಡಿನವರಿಗೆ ಆ ರೋಗದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

೧೯೦೧ರಲ್ಲಿ ಭಾರತ ಸರ್ಕಾರವು ಹೂವಿಲ್ಲದ ಕೆಳವರ್ಗದ ಸಸ್ಯಗಳ ಶೋಧನೆಗೆಂದು ಒಂದು ಹುದ್ದೆಯನ್ನು ಹೊಸದಾಗಿ ನಿರ್ಮಿಸಿ, ಬಟ್ಲರರನ್ನು ಕಲ್ಕತ್ತೆಗೆ ಕರೆಸಿಕೊಂಡಿತು. ಆಗ ಅವರಿಗೆ ಇಪ್ಪತ್ತೇಳರ ಹರೆಯ. ಮರುವರ್ಷ ಡೆಹರಾಡೂನಿಗೆ ವರ್ಗವಾಯಿತು. ಅಷ್ಟರಲ್ಲಿ ಬಿಹಾರದ ಪೂಸಾ ಎಂಬ ಗ್ರಾಮದಲ್ಲಿ ಅಖಿಲ ಭಾರತದ ಕೃಷಿ ಸಂಶೋಧನ ಸಂಸ್ಥೆಯೊಂದಕ್ಕೆ ಅಸ್ತಿಭಾರವು ಬಿದ್ದಿತು. ಅದರ ಸ್ಥಾಪನೆಗೆ ಧನವಿತ್ತವರು ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಶ್ರೀಮಂತರು. ತಾವೆಂದೂ ಉಳದ ನೆಲದ ರೈತರಿಗಾಗಿ ಅವರು ಕೊಟ್ಟ ಹಣದಿಂದ ಪ್ರಯೋಗಾಲಯಗಳು ಎದ್ದುನಿಂತವು. ದಾನಿಗಳ ನೆರವಿನಿಂದಲೇ ನಡೆಯುವ ನಮ್ಮಂತಹ ಸಂಸ್ಥೆಯ ಸಂಚಿಕೆಯಲ್ಲಿ ಆ ಹೆಸರನ್ನು ಬಿಟ್ಟು ಮುಂದೆ ಹೋಗಲು ಲೇಖನಿಯು ಒಡಂಬಡದು. ೧೯೦೫ರಲ್ಲಿ ಬಟ್ಲರರು ಪೂಸಾಕ್ಕೆ ಬಂದು ಶಿಲೀಂಧ್ರಶಾಸ್ತ್ರಜ್ಞರಾಗಿ ನೆಲೆಸಿದರು. ಅವರ ಜೀವನದ ಅತ್ಯುತ್ತಮ ಹದಿನೈದು ವರ್ಷಗಳು ಸಂದುದು ಆ ಗ್ರಾಮದಲ್ಲಿ.

ಗೋದಿಯ ಭಂಡಾರ ರೋಗ, ಕಬ್ಬಿನ ಕೆಂಪು ಕೊಳೆ ರೋಗ, ಆಲೂಗಡ್ಡೆಯ ರೋಗಗಳು, ಗೋದಾವರಿ ತೀರದ ತಾಳೆಮರಗಳ ಸುಳಿ ಕೊಳೆ ರೋಗ ಹೀಗೆ ಅವರು ಕೈಯಿಕ್ಕಿದ ವಿಷಯಗಳು ಹಲವು. ಅವೆಲ್ಲವನ್ನೂ ಇಲ್ಲಿ ವಿಸ್ತರಿಸಲು ಎಡೆಯಿಲ್ಲ. ಅವರ ಶಾಸ್ತ್ರನಿಷ್ಠೆಯು ಎಲ್ಲಕ್ಕಿಂತ ಸ್ಫುಟವಾಗಿ ಕಾಣುವುದು ತೊಗರಿಯ ಸೊರಗು ರೋಗದ ಶೋಧನೆಯಲ್ಲಿ. ಆದುದರಿಂದ ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳುವೆನು.

ಕಲಬುರಗಿ ಸೀಮೆಯವರು ನೆಟೆ ರೋಗವೆಂದು ಕರೆಯುವುದು ಇದನ್ನೇ. ತೊಗರಿಯು ಹೊಲದಲ್ಲಿ ಬಹುಕಾಲ ನಿಲ್ಲುವ ಬೆಳೆ. ರೈತನು ಅದರ ಮೇಲೆ ಐದಾರು ತಿಂಗಳ ಆರೈಕೆಯನ್ನು ಸುರಿದು, ಗಿಡವು ಹೂವಾಡಿ ಕಾಯಿ ಹಿಡಿಯುವ ಹೊತ್ತಿಗೆ ಕಣ್ಣರಳಿಸಿ ನೋಡುತ್ತಾನೆ. ಆಗಲೇ ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹಳದಿಯಾಗಿ ಜೋಲುತ್ತದೆ. ಕೆಲವೊಮ್ಮೆ ಗಿಡದ ಒಂದೇ ಮಗ್ಗುಲು ಒಣಗಿ ಮತ್ತೊಂದು ಮಗ್ಗುಲು ಹಸುರಾಗಿರುವುದುಂಟು. ನೆಲದಲ್ಲಿ ತೇವವಿದ್ದರೂ ಗಿಡವು ಬಾಯಾರಿದಂತೆ ಬಾಡುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೊಂದು ನೇರಳೆಗಪ್ಪಿನ ಪಟ್ಟಿಯು ಏರಿರುತ್ತದೆ. ಕಾಂಡವನ್ನು ಸೀಳಿ ನೋಡಿದರೆ ಒಳಗಿನ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು.

ಸಂಸ್ಕೃತದಲ್ಲಿ ಮರಗಿಡಗಳಿಗೆ ಪಾದಪವೆಂಬ ಹೆಸರುಂಟು. ಪಾದದಿಂದ ಕುಡಿಯುವುದು ಎಂದು ಅದರ ಅರ್ಥ. ಈ ರೋಗವು ಆ ಕುಡಿಯುವ ಕ್ರಿಯೆಯನ್ನೇ ತಡೆಯತಕ್ಕದ್ದು. ಮಣ್ಣಿನಲ್ಲಿರುವ ಶಿಲೀಂಧ್ರವು ತೊಗರಿಯ ನವುರಾದ ಕಿರುಬೇರುಗಳ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳಲ್ಲಿ ಹಬ್ಬಿ ಅವನ್ನು ಕಟ್ಟಿಬಿಡುತ್ತದೆ. ನೀರಿನ ನಡುವೆ ನಿಂತ ಪಾದಪವು ನೀರಿಲ್ಲದೆ ಸಾಯುತ್ತದೆ.

ಈ ಸಂಗತಿಯು ಇಂದು ಪಠ್ಯಪುಸ್ತಕದ ಮಾತಾಗಿದೆ. ಬಟ್ಲರರು ತೊಡಗಿದಾಗ ವಿಷಯವು ಹೀಗೆ ತಿಳಿಯಾಗಿರಲಿಲ್ಲ. ಹತ್ತಿ, ಕಲ್ಲಂಗಡಿ, ಅಲಸಂದೆಗಳು ಇದೇ ಬಗೆಯಾಗಿ ಸೊರಗುವುದನ್ನು ಅಮೆರಿಕದ ಎರ್ವಿನ್ ಸ್ಮಿತ್ ಎಂಬ ಪ್ರಖ್ಯಾತ ವಿದ್ವಾಂಸರು ಪರೀಕ್ಷಿಸಿ, ೧೮೯೯ರಲ್ಲಿ ಒಂದು ನಿರ್ಣಯವನ್ನು ಪ್ರಕಟಿಸಿದ್ದರು. ಸತ್ತ ಬೇರುಗಳ ಮೇಲೆ ಕೆಂಬಣ್ಣದ ಸಾಸಿವೆಗಿಂತ ಸಣ್ಣ ಕಾಯಗಳನ್ನು ಬಿಡುವ ನಿಯೊಕಾಸ್ಮೊಸ್ಪೊರಾ ಎಂಬ ಶಿಲೀಂಧ್ರವೂ, ನಾಳಗಳನ್ನು ಕಟ್ಟುವ ಫ್ಯುಸೇರಿಯಮ್ ಎಂಬ ಶಿಲೀಂಧ್ರವೂ ಒಂದೇ ಜೀವಿಯ ಎರಡು ಅವಸ್ಥೆಗಳೆಂಬುದು ಅವರ ಮತ. ಸ್ಮಿತ್ತರು ಅಲ್ಪರಲ್ಲ, ಆ ಕಾಲದ ಸಸ್ಯರೋಗಶಾಸ್ತ್ರದಲ್ಲಿ ಅವರದು ಪ್ರಮಾಣವಾಕ್ಯ. ತೊಗರಿಯ ಸತ್ತ ಬೇರುಗಳ ಮೇಲೆಯೂ ಆ ಕೆಂಪು ಕಾಯಗಳು ದೊರೆತವು. ಹಿರಿಯರ ಮತವನ್ನು ಅನುವಾದ ಮಾಡಿ ವಿಷಯವನ್ನು ಅಲ್ಲಿಗೆ ಮುಗಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಬಟ್ಲರರು ಹಾಗೆ ಮಾಡಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಶುದ್ಧರೂಪದಲ್ಲಿ ಬೆಳೆಸಿದರು. ಒಂದು ಮತ್ತೊಂದಾಗಿ ಮಾರ್ಪಡುವುದೋ ಎಂದು ಕಾದು ನೋಡಿದರು; ಮಾರ್ಪಡಲಿಲ್ಲ. ಅನಂತರ ಎರಡನ್ನೂ ಪ್ರತ್ಯೇಕವಾಗಿ ತೊಗರಿಗೆ ಸೋಂಕಿಸಿ ಪರೀಕ್ಷಿಸಿದರು. ನಿಯೊಕಾಸ್ಮೊಸ್ಪೊರಾ ತಗಲಿಸಿದ ಗಿಡಗಳು ಯಾವ ಬಾಧೆಯೂ ಇಲ್ಲದೆ ಬೆಳೆದವು. ಫ್ಯುಸೇರಿಯಮ್ ತಗಲಿಸಿದ ಗಿಡಗಳು ಸೊರಗಿದವು. ಕೆಂಪು ಕಾಯದ್ದು ಹೆಣ ಬಿದ್ದ ಮೇಲೆ ಬರುವ ಹದ್ದಿನಂತಹುದು; ಕೊಂದದ್ದು ಬೇರೆಯದು. ಈ ಶೋಧನೆಯನ್ನು ಅವರು ೧೯೧೦ರಲ್ಲಿ ಪ್ರಕಟಿಸಿ, ಕೊಲ್ಲುವ ಶಿಲೀಂಧ್ರಕ್ಕೆ ಫ್ಯುಸೇರಿಯಮ್ ಉಡಮ್ ಎಂದು ನಾಮಕರಣ ಮಾಡಿದರು. ಆ ನಿರ್ಣಯವು ಲೋಕದ ವಿದ್ವಾಂಸರಿಗೆ ಮಾನ್ಯವಾಯಿತು.

ಕೊಂದದ್ದು ಇದೋ ಅದೋ, ಸತ್ತ ಗಿಡವಂತೂ ಸತ್ತಿತು, ರೈತನಿಗೆ ಇದರಿಂದೇನು ಎಂದು ಕೇಳುವವರುಂಟು. ಆದರೆ ಅಪರಾಧಿಯು ಯಾರೆಂಬುದರ ಮೇಲೆ ಉಪಾಯವು ನಿಂತಿರುತ್ತದೆ. ಸತ್ತ ಬೇರಿನ ಮೇಲೆ ಸಾಧಾರಣವಾಗಿ ಬೆಳೆಯುವ ಬೂಷ್ಟೇ ಕಾರಣವೆಂದಾದರೆ ಯಾವ ಹೊಲವೂ ಬಿತ್ತನೆಗೆ ಯೋಗ್ಯವಲ್ಲವೆಂದು ಕೈಚೆಲ್ಲಬೇಕಾಗುತ್ತಿತ್ತು. ಗಿಡಗಳಲ್ಲಿ ಯಾವುದು ರೋಗವನ್ನು ತಾಳಿತು, ಯಾವುದು ತಾಳಲಿಲ್ಲ ಎಂದು ಪರೀಕ್ಷಿಸುವ ಮಾರ್ಗವೂ ಇರುತ್ತಿರಲಿಲ್ಲ. ಕೊಲ್ಲುವ ಶಿಲೀಂಧ್ರವು ಇಂತಹುದೇ ಎಂದು ಗೊತ್ತಾದ ಮೇಲೆ ಅದು ಎಲ್ಲಿ ಅಡಗಿರುವುದೆಂದು ಹುಡುಕಬಹುದು. ಕೊಯ್ಲಾದ ಮೇಲೆ ನೆಲದಲ್ಲಿ ಉಳಿಯುವ ತೊಗರಿಯ ಕೂಳೆಯಲ್ಲಿ ಅದು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಅದೇ ಹೊಲಕ್ಕೆ ಮರುವರ್ಷವೂ ತೊಗರಿಯನ್ನೇ ಹಾಕಿದರೆ ಅದಕ್ಕೆ ಎಡೆ ಬಡಿಸಿದಂತಾಗುತ್ತದೆ. ಬೆಳೆಯನ್ನು ಬದಲಿಸುವುದು, ರೋಗದ ಹೊಲದಲ್ಲಿಯೂ ಬದುಕಿ ನಿಂತ ಗಿಡಗಳ ಬೀಜವನ್ನು ಆಯ್ದು ತಳಿಯನ್ನು ಬೆಳೆಸುವುದು, ಇವೆರಡೇ ಭದ್ರವಾದ ಹಾದಿಗಳು. ಮೇಲಿನಿಂದ ಔಷಧಿ ಎರಚಿ ನಾಳದೊಳಗಿನ ಶತ್ರುವನ್ನು ಮುಟ್ಟುವುದು ಸಾಧ್ಯವಲ್ಲ.

ನಮ್ಮ ಪೂರ್ವಿಕರು ಸಸ್ಯಚಿಕಿತ್ಸೆಯನ್ನು ಅರಿಯದವರಲ್ಲ. ಸುರಪಾಲನ ವೃಕ್ಷಾಯುರ್ವೇದವು ಪ್ರಸಿದ್ಧವಾಗಿಯೇ ಇದೆ. ಕನ್ನಡದಲ್ಲಿಯೇ ಇಮ್ಮಡಿ ಚಾವುಂಡರಾಯನು ಹನ್ನೊಂದನೆಯ ಶತಮಾನದಲ್ಲಿ ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವುಂಟು. ವಾತಪಿತ್ತಕಫಗಳ ವೈಷಮ್ಯದಿಂದ ಗಿಡಗಳಿಗೂ ರೋಗವು ಬರುವುದೆಂದು ಆ ಶಾಸ್ತ್ರದ ಮತ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬೇರಿನ ಒಳಗಣ ಪರಜೀವಿಯನ್ನು ಕಾಣುವ ಉಪಾಯವಾದರೂ ಎಲ್ಲಿತ್ತು? ಲಕ್ಷಣಗಳನ್ನು ಅವರು ಎಚ್ಚರದಿಂದ ನೋಡಿದರೆಂಬುದಕ್ಕಾಗಿ ಅವರನ್ನು ಮೆಚ್ಚಬೇಕು. ಎಲ್ಲವೂ ಅಲ್ಲಿಯೇ ಇದೆಯೆಂದು ವಾದಿಸುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ತೊಗರಿಯ ಪ್ರಬಂಧವು ಹೊರಬಂದ ಮೂರೇ ವರ್ಷಗಳಲ್ಲಿ ಬಟ್ಲರರು ಮತ್ತೊಂದು ಅಚ್ಚರಿಯ ಸಂಗತಿಯನ್ನು ಬೆಳಕಿಗೆ ತಂದರು. ಈ ಬಾರಿಯ ಬೆಳೆ ಭತ್ತ. ಸ್ಥಳವು ಪೂರ್ವ ಬಂಗಾಳ, ಈಗಿನ ಬಾಂಗ್ಲಾದೇಶ. ಅಲ್ಲಿಯ ತಗ್ಗು ನೆಲಗಳಲ್ಲಿ ಮಳೆಗಾಲದ ನೆರೆಯು ಆಳುದ್ದ ನಿಲ್ಲುತ್ತದೆ. ಅದರೊಡನೆ ಪೈಪೋಟಿಯಿಂದ ಉದ್ದವಾಗಿ ಬೆಳೆಯುವ ವಿಶೇಷ ಭತ್ತವನ್ನು ಅಲ್ಲಿಯವರು ಬಿತ್ತುತ್ತಾರೆ. ಆ ಬೆಳೆಗೆ ಉಫ್ರಾ ಎಂಬ ರೋಗವು ತಗಲಿ ತೆನೆಗಳು ಹೊಡೆಯೊಳಗೇ ತಿರುಚಿಕೊಂಡು ಉಳಿಯುತ್ತಿದ್ದವು. ಹೊರಬಂದ ತೆನೆಯೂ ಜೊಳ್ಳಾಗುತ್ತಿತ್ತು. ಶಿಲೀಂಧ್ರಗಳ ವಿದ್ವಾಂಸರಾದವರಿಗೆ ಎಲ್ಲೆಡೆಯೂ ಶಿಲೀಂಧ್ರವೇ ಕಾಣುವುದು ಸಹಜ. ಬಟ್ಲರರ ಕಣ್ಣಿಗೆ ಇಲ್ಲಿ ಕಂಡದ್ದು ಒಂದು ಜಂತುಹುಳು. ಉದ್ದವು ಸುಮಾರು ಒಂದು ಮಿಲಿಮೀಟರು. ದಪ್ಪವಂತೂ ಬರಿಗಣ್ಣಿಗೆ ನಿಲುಕದಷ್ಟು ಕಿರಿದು. ೧೯೧೩ರಲ್ಲಿ ಅವರು ಅದನ್ನು ಟೈಲೆಂಕಸ್ ಅಂಗುಸ್ಟಸ್ ಎಂಬ ಹೆಸರಿನಿಂದ ವರ್ಣಿಸಿದರು. ಇಕ್ಕಟ್ಟಾದದ್ದು, ತೆಳ್ಳಗಿನದು ಎಂದು ಆ ಲ್ಯಾಟಿನ್ ಪದದ ಅರ್ಥ.

ಜಂತುಹುಳುಗಳಲ್ಲಿ ಬಹುಪಾಲು ಬೇರನ್ನು ಬಾಧಿಸತಕ್ಕವು. ಬದನೆ, ಟೊಮ್ಯಾಟೊಗಳ ಬೇರಿನಲ್ಲಿ ಗಂಟುಗಳನ್ನು ಎಬ್ಬಿಸುವ ಹುಳುವನ್ನು ಯಾವ ರೈತನಾದರೂ ಕಿತ್ತ ಗಿಡದಲ್ಲಿ ಗುರುತಿಸಬಹುದು. ಭಾರತದಲ್ಲಿ ಅಂತಹ ಬೇರುಗಂಟಿನ ಹುಳುವು ಮೊದಲು ವರದಿಯಾದದ್ದು ೧೯೦೧ರಲ್ಲಿ, ದಕ್ಷಿಣದ ಒಂದು ಚಹಾ ತೋಟದಿಂದ. ಉಫ್ರಾದ ಹುಳುವಿನ ರೀತಿ ಬೇರೆ. ಅದು ನೀರಿನ ಪಸೆಯಲ್ಲಿ ತೆವಳಿ ಕಾಂಡದ ಮೇಲಕ್ಕೇರಿ, ಸುಳಿಯ ಎಳೆಯ ಭಾಗಕ್ಕೆ ಮುಳ್ಳಿನಂತಹ ಬಾಯಿ ಚುಚ್ಚಿ ರಸವನ್ನು ಹೀರುತ್ತದೆ. ನೆರೆಯಿಳಿದು ಹೊಲವು ಒಣಗಿದಾಗ ಸತ್ತಿತೆಂದುಕೊಂಡರೆ ಅದು ಸಾಯುವುದಿಲ್ಲ. ಕೂಳೆಯಲ್ಲಿಯೂ ಉದುರಿದ ತೆನೆಯಲ್ಲಿಯೂ ಸುರುಳಿ ಸುತ್ತಿಕೊಂಡು ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದು, ಮರುವರ್ಷದ ನೀರು ತಗಲಿದೊಡನೆ ಸುರುಳಿ ಬಿಚ್ಚಿ ಚಲಿಸತೊಡಗುತ್ತದೆ. ಈ ಹುಳುವನ್ನೂ ಅದರ ನಿವಾರಣೆಯನ್ನೂ ಕುರಿತ ವಿಸ್ತೃತ ಪ್ರಬಂಧವು ೧೯೧೯ರಲ್ಲಿ ಬಂದಿತು. ಬೇಸಗೆಯಲ್ಲಿ ಕೂಳೆಯನ್ನು ಸುಡಬೇಕು, ನೆಲವನ್ನು ಉಳಬೇಕು ಎಂಬ ಉಪಾಯಗಳು ಅದರ ಜೀವನಕ್ರಮದಿಂದಲೇ ಹೊಳೆದವುಗಳು. ಒಬ್ಬನು ಸುಟ್ಟು ನೆರೆಯವನು ಬಿಟ್ಟರೆ ಪ್ರಯೋಜನವು ಅಲ್ಪ. ನೆರೆಯ ನೀರಿಗೆ ಬದುವಿನ ಹಂಗಿಲ್ಲ. ಊರೆಲ್ಲ ಕೂಡಿ ಮಾಡಬೇಕಾದ ಕೆಲಸವೆಂಬ ಕಾರಣದಿಂದಲೇ ಅದು ಕಷ್ಟಸಾಧ್ಯವಾಗಿತ್ತು.

ಎಲ್ಲ ಶೋಧನೆಯೂ ಬಟ್ಲರರಿಗೆ ಕೈಗೂಡಿತೆಂದು ಹೇಳಿದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು. ತಿರುವಾಂಕೂರಿನ ತೆಂಗಿನ ತೋಟಗಳನ್ನು ಬೇರಿನ ಸೊರಗು ರೋಗವೊಂದು ಹಾಳುಗೆಡವುತ್ತಿತ್ತು. ಅವರು ಅಲ್ಲಿಗೆ ಹೋಗಿ ಪರೀಕ್ಷಿಸಿ ೧೯೦೮ರಲ್ಲಿ ವರದಿಯನ್ನು ಒಪ್ಪಿಸಿದರು. ಕೊಳೆತ ಬೇರುಗಳಲ್ಲಿ ಶಿಲೀಂಧ್ರವೊಂದು ದೊರೆತರೂ ಅದರಿಂದ ಸಮಸ್ಯೆಯು ಬಿಡಿಸಿಕೊಳ್ಳಲಿಲ್ಲ. ಮುಂದಿನ ದಶಕಗಳಲ್ಲಿ ವಿದ್ವಾಂಸರು ಶಿಲೀಂಧ್ರ, ಬ್ಯಾಕ್ಟೀರಿಯ, ಜಂತುಹುಳು, ವೈರಸ್ಸುಗಳೆಲ್ಲವನ್ನೂ ಒಂದೊಂದಾಗಿ ಶಂಕಿಸಿದರು. ೧೯೮೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ, ಮರದ ಆಹಾರನಾಳಗಳಲ್ಲಿ ವಾಸಿಸುವ ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯು ಪತ್ತೆಯಾಯಿತು. ಬಟ್ಲರರ ಕಾಲದ ಯಾವ ಉಪಕರಣಕ್ಕೂ ಅದು ಗೋಚರವಾಗುವಂತಿರಲಿಲ್ಲ.

ಇದೇ ಕಾಲಕ್ಕೆ ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಸಸ್ಯರೋಗಗಳ ಅಧ್ಯಯನವು ತಲೆಯೆತ್ತಿತ್ತು. ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗದ ಮೇಲಿನ ತಮ್ಮ ಪ್ರಬಂಧವನ್ನು ಪ್ರಕಟಿಸಿದ್ದು ೧೯೧೦ರಲ್ಲಿ, ಬಟ್ಲರರ ತೊಗರಿಯ ಪ್ರಬಂಧವು ಬಂದ ವರ್ಷವೇ.

೧೯೧೮ರಲ್ಲಿ ಕಲ್ಕತ್ತೆಯಿಂದ ಬಟ್ಲರರ ಮಹಾಗ್ರಂಥವು ಪ್ರಕಟವಾಯಿತು. ಶಿಲೀಂಧ್ರಗಳು ಹಾಗೂ ಸಸ್ಯರೋಗಗಳನ್ನು ಕುರಿತ ಆ ಪುಸ್ತಕವು ಐನೂರಕ್ಕೂ ಮಿಕ್ಕ ಪುಟಗಳದು. ಭಾರತದ ಹೊಲಗಳ ಮತ್ತು ತೋಟಗಳ ರೋಗಗಳನ್ನು ಇಲ್ಲಿಯ ಗಿಡಗಳಲ್ಲಿಯೇ ನೋಡಿ ಬರೆದ ಕೃತಿಯಾದ್ದರಿಂದ ಬಹುಕಾಲ ವಿದ್ಯಾರ್ಥಿಗಳಿಗೆ ಅದೇ ಆಕರವಾಗಿತ್ತು. ಪೂಸಾದಲ್ಲಿ ಅವರ ಕೈಕೆಳಗೆ ಭಾರತೀಯ ತರುಣರು ತರಬೇತಿ ಹೊಂದಿದರು. ಜಹಾಂಗೀರ್ ಫರ್ದೂನ್‌ಜಿ ದಸ್ತೂರರು ಅವರಲ್ಲಿ ಪ್ರಮುಖರು. ಔಡಲದ ಸಸಿಗಳನ್ನು ಕೊಲ್ಲುವ ಶಿಲೀಂಧ್ರವನ್ನು ಅವರು ೧೯೧೩ರಲ್ಲಿ ವರ್ಣಿಸಿದರು.

೧೯೨೦ರಲ್ಲಿ ಬಟ್ಲರರು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿ, ಕ್ಯೂದಲ್ಲಿ ಹೊಸದಾಗಿ ಸ್ಥಾಪಿತವಾದ ಶಿಲೀಂಧ್ರಶಾಸ್ತ್ರ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ಲೋಕದ ನಾನಾ ಭಾಗಗಳಲ್ಲಿ ನಡೆಯುವ ಶೋಧನೆಗಳ ಸಾರವನ್ನು ಸಂಗ್ರಹಿಸಿ ಕೊಡುವ ಪತ್ರಿಕೆಯೊಂದನ್ನು ೧೯೨೨ರಲ್ಲಿ ಅಲ್ಲಿಂದ ಆರಂಭಿಸಿದರು. ದೂರದ ಮೂಲೆಯಲ್ಲಿ ಏಕಾಕಿಯಾಗಿ ದುಡಿಯುವ ಸಂಶೋಧಕನಿಗೆ ಅದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಪುಸ್ತಕಭಂಡಾರವಿಲ್ಲದ ಊರಿನಲ್ಲಿ ಪಾಠ ಹೇಳಿದ ಉಪಾಧ್ಯಾಯರು ಊಹಿಸಬಲ್ಲರು. ೧೯೨೬ರಲ್ಲಿ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಚುನಾಯಿಸಿತು. ಗೈ ಬಿಸ್ಬಿಯವರೊಡನೆ ಕೂಡಿ ಅವರು ಸಿದ್ಧಪಡಿಸಿದ ಭಾರತದ ಶಿಲೀಂಧ್ರಗಳ ಪಟ್ಟಿಯು ೧೯೩೧ರಲ್ಲಿ ಪ್ರಕಟವಾಯಿತು. ೧೯೩೯ರಲ್ಲಿ ಸರ್ ಪದವಿಯು ಸಂದಿತು. ೧೯೪೩ನೆಯ ಏಪ್ರಿಲ್ ೪ರಂದು, ಮಹಾಯುದ್ಧದ ನಡುವೆ, ಅವರು ಕಾಲವಶರಾದರು. ಅದೇ ವರ್ಷ ಬಂಗಾಳವು ಭೀಕರ ಕ್ಷಾಮಕ್ಕೆ ತುತ್ತಾಯಿತು. ಅದಕ್ಕೆ ಯುದ್ಧವೂ ಆಡಳಿತವೂ ಕಾರಣಗಳಾದವು; ಹಿಂದಿನ ವರ್ಷ ಭತ್ತಕ್ಕೆ ಬಡಿದ ಕಂದುಚುಕ್ಕೆ ರೋಗವೂ ಒಂದು ಕಾರಣವೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ.

ತೊಗರಿಯ ವಿಷಯವು ಅವರೊಡನೆ ಮುಗಿಯಲಿಲ್ಲ. ೧೯೬೭ರಲ್ಲಿ ಅದರ ಬೇರಿಗೆ ಅಂಟಿಕೊಳ್ಳುವ ಒಂದು ಜಂತುಹುಳುವನ್ನು ಭಾರತದಲ್ಲಿಯೇ ಮೊದಲು ವರ್ಣಿಸಲಾಯಿತು. ಅದರ ಹೆಣ್ಣು ಬೇರಿನ ಮೇಲೆ ಸಣ್ಣ ಮುತ್ತಿನಂತೆ ಉಬ್ಬಿ, ಸತ್ತ ಮೇಲೆ ತನ್ನ ಒಡಲನ್ನೇ ಮೊಟ್ಟೆಗಳ ಚೀಲವನ್ನಾಗಿ ಮಾಡಿ ಮಣ್ಣಿನಲ್ಲಿ ಉಳಿಯುತ್ತದೆ. ಈ ಹುಳುವು ಬೇರನ್ನು ನೋಯಿಸಿದ ಹೊಲದಲ್ಲಿ ನೆಟೆ ರೋಗವು ಹೆಚ್ಚುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಹತ್ತಿಯಲ್ಲಿ ಬೇರುಗಂಟಿನ ಹುಳುವೂ ಸೊರಗು ರೋಗವೂ ಹೀಗೆ ಕೈಕೂಡಿಸುವುದನ್ನು ಅಮೆರಿಕದ ಅಟ್ಕಿನ್‌ಸನ್ ಎಂಬವರು ೧೮೯೨ರಲ್ಲಿಯೇ ಗಮನಿಸಿದ್ದರು. ತೊಗರಿಯ ಶಿಲೀಂಧ್ರವನ್ನು ಗುರುತಿಸಿದವರೂ ಭತ್ತದ ಹುಳುವನ್ನು ಗುರುತಿಸಿದವರೂ ಬಟ್ಲರರೇ. ತೊಗರಿಯ ಬೇರಿನಲ್ಲಿ ಆ ಎರಡು ಬಗೆಯ ಶತ್ರುಗಳು ಒಟ್ಟುಗೂಡುವ ಕಥೆಯನ್ನು ಬರೆಯುವುದು ಮಾತ್ರ ಅವರ ಅನಂತರದವರ ಪಾಲಿಗೆ ಬಂದಿತು.

ರೋಗ ತಾಳುವ ತಳಿಯ ಹಾದಿಯೂ ಮುಂದುವರಿಯಿತು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ರೋಗದ ಶಿಲೀಂಧ್ರವನ್ನು ಬೇಕೆಂದೇ ಮಣ್ಣಿನಲ್ಲಿ ಸಾಕಿ, ಆ ಹೊಲದಲ್ಲಿ ನೂರಾರು ತಳಿಗಳನ್ನು ಬಿತ್ತಿ ಉಳಿದವುಗಳನ್ನು ಆಯ್ದರು. ಹೀಗೆ ಆಯ್ದವುಗಳಲ್ಲಿ ಒಂದು ೧೯೮೬ರಲ್ಲಿ ಮಾರುತಿ ಎಂಬ ಹೆಸರಿನಿಂದ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ಶಿಲೀಂಧ್ರದಲ್ಲಿಯೂ ಬೇರೆ ಬೇರೆ ಪಂಗಡಗಳಿದ್ದು, ಒಂದೆಡೆ ತಾಳಿದ ತಳಿಯು ಮತ್ತೊಂದೆಡೆ ಸೋಲುವುದುಂಟಾದ್ದರಿಂದ ಆಯ್ಕೆಯ ಕೆಲಸವು ನಿಂತಿಲ್ಲ.

೧೯೩೪ರ ಭೂಕಂಪವು ಪೂಸಾದ ಕಟ್ಟಡಗಳನ್ನು ಕೆಡವಿದ್ದರಿಂದ ಸಂಸ್ಥೆಯು ೧೯೩೬ರಲ್ಲಿ ದೆಹಲಿಗೆ ಹೋಯಿತು. ಊರಿನ ಹೆಸರೂ ಜೊತೆಗೇ ಹೋಗಿ ಅಲ್ಲಿಯ ಬಡಾವಣೆಗೂ ಪೂಸಾ ಎಂದೇ ಹೆಸರಾಯಿತು. ಬಟ್ಲರರು ೧೯೦೫ರಲ್ಲಿ ಆರಂಭಿಸಿದ ಶಿಲೀಂಧ್ರಸಂಗ್ರಹವು ಇಂದು ಅಲ್ಲಿದೆ. ವರ್ಣಿಸಿದವರ ಹೆಸರನ್ನು ಜೀವಿಯ ಹೆಸರಿನ ಕೊನೆಗೆ ಸೇರಿಸುವುದು ಶಾಸ್ತ್ರದ ಪದ್ಧತಿ. ಉಫ್ರಾದ ಹುಳುವನ್ನು ೧೯೩೬ರಲ್ಲಿ ಬೇರೆ ಕುಲಕ್ಕೆ ಸೇರಿಸಿದಾಗಲೂ ಬಟ್ಲರರ ಹೆಸರನ್ನು ಆವರಣದೊಳಗೆ ಉಳಿಸಿಕೊಂಡರು. ತೊಗರಿಯ ಶಿಲೀಂಧ್ರದ ಹೆಸರಂತೂ ಅವರು ೧೯೧೦ರಲ್ಲಿ ಇಟ್ಟಂತೆಯೇ ಇದೆ.